ಬೀರು ಬಾಗಿಲ ಟೈಮ್‌ಟೇಬಲ್

ಮಗಳದು ಈ ಸಲ ಎಸ್ಸೆಸ್ಸೆಲ್ಸಿ. ಸ್ಕೆಚ್ ಪೆನ್ನಲ್ಲಿ ಟೈಮ್‌ಟೇಬಲ್ ಬರೆದು ಬೀರು ಬಾಗಿಲಿಗೆ ಅಂಟಿಸಿದಳು. ಬೆಳಗ್ಗೆ ನಾಲ್ಕಕ್ಕೇ ಏಳೋದಂತೆ! ಮೂರನೇ ದಿನಕ್ಕೆ ಅದು ಸುಮ್ನೆ ಅಲಂಕಾರವಾಯಿತು.

ಆಮೇಲೆ ಹಳೇ ಪ್ರಶ್ನೆಪತ್ರಿಕೆ ಹಿಡಿದು ಕೂತೆವು. ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆ ಕನ್ನಡಕ್ಕೇ 125. ಇವಳೋ, ಕನ್ನಡ ತಾನೇ ಅಂತ ಪುಸ್ತಕವನ್ನೇ ಮುಟ್ಟಿರಲಿಲ್ಲ. ಬರದ ಪ್ರಶ್ನೆಗೆಲ್ಲ ಕೆಂಪು ಚುಕ್ಕೆ ಇಟ್ಟಳು. ಓದು ಶುರುವಾಗಿದ್ದು ಆ ಚುಕ್ಕೆಗಳಿಂದಲೇ.

ಗಣಿತದಲ್ಲಿ ತ್ರಿಭುಜದ ಬಗೆಗಿನ ಥೇಲ್ಸ್ ಪ್ರಮೇಯ ಹತ್ತು ಸಲ ಓದಿದ್ದಳು. ಪುಸ್ತಕ ಮುಚ್ಚಿ ಬರಿ ಅಂದರೆ ಚಿತ್ರದಲ್ಲೇ ನಿಂತಳು. ಸಮಾಂತರ ಗೆರೆ ಬಂತು, ಎರಡು ಲಂಬ ಎಳೆಯೋದೇ ಮರೆತಿತ್ತು. ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬರೆಸಿದೆ. ಈಗ ನಾನು ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮುಗಿಸುತ್ತಾಳೆ.

ನಾಲ್ಕು ಗಂಟೆಯ ಅಲಾರಂ ಮಾತ್ರ ಈಗಲೂ ನನ್ನನ್ನೇ ಎಬ್ಬಿಸುತ್ತದೆ.