ಅನಿಲದ ಗುಳ್ಳೆಯ ಎರಡು ಹಾಳೆ: ಕೆಲಸ ಎಲ್ಲಿಗೆ ಬಂತು

ಮೈಸೂರಿನಲ್ಲಿ ನಾನು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಗಾಗಿ ಬಿಡುವಿನಲ್ಲಿ ಎರಡು ಹಾಳೆ ಬರೆಯುತ್ತಿದ್ದೇನೆ. ಒಂದು ಆಪರೇಷನ್ ಥಿಯೇಟರಿನ ಗೋಡೆಗೆ. ಇನ್ನೊಂದು, ರೆಟಿನಾ ಶಸ್ತ್ರಚಿಕಿತ್ಸೆಯಾಗಿ ಕಣ್ಣೊಳಗೆ ಅನಿಲದ ಗುಳ್ಳೆಯೊಂದಿಗೆ ಮನೆಗೆ ಹೋಗುವವರ ಕೈಗೆ. ರೆಟಿನಾ ಎಂದರೆ ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪದರ; ಅದನ್ನು ಅದರ ಜಾಗದಲ್ಲಿ ಒತ್ತಿ ಹಿಡಿಯಲೆಂದೇ ಈ ಗುಳ್ಳೆ.

ಗೋಡೆಯ ಹಾಳೆ ಮುಗಿದಂತೆಯೇ. ಗುಳ್ಳೆಗೆ ಬಳಸುವ ಅನಿಲ ಎರಡು, ಅವನ್ನು ಗಾಳಿಯೊಂದಿಗೆ ಬೆರೆಸುವ ಲೆಕ್ಕ ಅದರಲ್ಲಿದೆ. 60 ಮಿ.ಲೀ. ಸಿರಿಂಜಿಗೆ 12 ಮಿ.ಲೀ. ಸಲ್ಫರ್ ಹೆಕ್ಸಾಫ್ಲೋರೈಡ್ ಎಳೆದು ಮಿಕ್ಕದ್ದಕ್ಕೆ ಗಾಳಿ ತುಂಬಿದರೆ ಶೇ 20. ಪರ್‌ಫ್ಲೋರೋಪ್ರೊಪೇನ್ ಆದರೆ 50ಕ್ಕೆ 7, ಅಂದರೆ ಶೇ 14. ಈ ಹದದಲ್ಲಿ ಗುಳ್ಳೆ ತಾನಾಗಿ ಹಿಗ್ಗುವುದಿಲ್ಲ. ಗಾಳಿ ಬೆರೆಸದೆ ಬಿಟ್ಟರೆ ಮೊದಲನೆಯದು ಸುಮಾರು ಎರಡು ಪಟ್ಟು, ಎರಡನೆಯದು ನಾಲ್ಕು ಪಟ್ಟು ಉಬ್ಬುತ್ತದೆ. ಕೆಂಪಕ್ಷರವನ್ನು ನಾನು ಮೀಸಲಿಟ್ಟದ್ದು ನಳಿಕೆಯಲ್ಲಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಅಡಗಿ ಕುಳಿತ ಗಾಳಿಗೆ. ಸ್ವಲ್ಪ ಅನಿಲ ಹರಿಸಿ ಅದನ್ನು ಮೊದಲು ಹೊರದೂಡದಿದ್ದರೆ ಸಿರಿಂಜಿನಲ್ಲಿ ಕಾಣುವ 12 ನಿಜವಾದ 12 ಅಲ್ಲ. ಹಾಗೆಂದು ಧಾರಾಳವಾಗಿ ಹರಿಸುವುದೂ ಬೇಡ: ಭೂಮಿಯನ್ನು ಬಿಸಿ ಮಾಡುವುದರಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲು. ಬೆರೆಸಿದ ಮೇಲೆ ಟ್ರೇಯಲ್ಲಿ ಕಾಯಿಸುವಂತಿಲ್ಲ. ಪ್ಲಾಸ್ಟಿಕ್ ಸಿರಿಂಜಿನಿಂದ ಅನಿಲ ಮೆಲ್ಲಗೆ ಸೋರುತ್ತದೆ, ಆದ್ದರಿಂದ ಸರ್ಜನ್ ಕೇಳಿದಾಗಲೇ ಬೆರೆಸಬೇಕು.

ರೋಗಿಯ ಹಾಳೆಯೇ ಕಷ್ಟ. ಸಾಮಾನ್ಯವಾಗಿ ಬರೆಯುವುದು ‘ವಿಮಾನ ಪ್ರಯಾಣ ಬೇಡ’ ಎಂದು. ಮಂಡ್ಯದ ಕಡೆಯಿಂದ ಬಂದ ರೈತರು ಅದನ್ನು ಓದಿ ನಿಶ್ಚಿಂತೆಯಿಂದ ಊಟಿ ಬಸ್ ಹತ್ತಬಹುದಲ್ಲ! ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಊಟಿ ಸುಮಾರು 2,240. ಮೇಲೇರಿದಂತೆ ಹೊರಗಿನ ವಾಯುಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರುತ್ತದೆ. ರೆಟಿನಾಕ್ಕೆ ರಕ್ತ ಹರಿಯುವುದು ನಿಂತರೆ ದೃಷ್ಟಿಯೇ ಹೋದೀತು. ಅದಕ್ಕೇ ಊಟಿ, ಮಡಿಕೇರಿ, ಗೋಪಾಲಸ್ವಾಮಿ ಬೆಟ್ಟ ಎಂದು ಹೆಸರು ಹಿಡಿದೇ ಬರೆದಿದ್ದೇನೆ. ಚಾಮುಂಡಿ ಬೆಟ್ಟದ ಬಗ್ಗೆ ಚರ್ಚೆ ನಡೆದಿದೆ. ಸದ್ಯಕ್ಕೆ ‘ವೈದ್ಯರನ್ನು ಕೇಳದೆ ಹತ್ತಬೇಡಿ’ ಎಂದಿದೆ. ಆಷಾಢ ಶುಕ್ರವಾರ ಎದುರಿಗಿದ್ದರೆ ಇಷ್ಟು ಮೆತ್ತಗೆ ಹೇಳಿದರೆ ಯಾರು ಕೇಳುತ್ತಾರೆ ಎಂಬುದು ನನ್ನ ತಕರಾರು.

ಈ ಎಚ್ಚರ ಎಷ್ಟು ಕಾಲ ಎಂಬುದಕ್ಕೆ ಖಾಲಿ ಜಾಗ ಬಿಟ್ಟಿದ್ದೇನೆ: ಸಲ್ಫರ್ ಹೆಕ್ಸಾಫ್ಲೋರೈಡ್ ಕಣ್ಣಿನಲ್ಲಿ ಸುಮಾರು ಎರಡು ವಾರ ಉಳಿದರೆ, ಪರ್‌ಫ್ಲೋರೋಪ್ರೊಪೇನ್ ಆರರಿಂದ ಎಂಟು ವಾರ. ಬೋರಲು ಮಲಗುವ ಚಿತ್ರವೂ ಸೇರಿತು.

ಈಗ ಉಳಿದಿರುವುದು ರೋಗಿಯ ಮಣಿಕಟ್ಟಿಗೆ ಕಟ್ಟುವ ಕೈಪಟ್ಟಿ. ಗುಳ್ಳೆ ಇರುವಾಗಲೇ ಬೇರೆ ಶಸ್ತ್ರಚಿಕಿತ್ಸೆಗೆ ಅರಿವಳಿಕೆಯಾಗಿ ನೈಟ್ರಸ್ ಆಕ್ಸೈಡ್ ಕೊಟ್ಟರೆ ಅದು ಗುಳ್ಳೆಯೊಳಗೆ ನುಗ್ಗಿ ಉಬ್ಬಿಸುತ್ತದೆ. ಮೈಮರೆತು ಮಲಗಿದ ರೋಗಿ ಬಾಯಿ ಬಿಟ್ಟು ಹೇಳಲಾರ, ಪಟ್ಟಿಯೇ ಹೇಳಬೇಕು. ಸ್ನಾನದ ನೀರಿಗೆ ಅಳಿಯದ ಪೆನ್ನು ಹುಡುಕುತ್ತಿದ್ದೇನೆ.