ಸನ್ಮಾನದ ಬಣ್ಣ

ಈ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯವರು ಅಪ್ಪನಿಗೆ ಸನ್ಮಾನ ಮಾಡಿದರು. ನಿವೃತ್ತ ಕನ್ನಡ ಮೇಷ್ಟ್ರು, ಮಾಡಲೇಬೇಕಾದ್ದು. ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಜೊತೆಗೊಂದು ಹಳದಿ-ಕೆಂಪು ಹತ್ತಿ ಶಲ್ಯ. ಆ ಶಲ್ಯ ಈ ವಾರ ಒಗೆಯೋ ಬಟ್ಟೆಯ ರಾಶಿಗೆ ಬಿತ್ತು. ನನ್ನ ಮಗ ಎಲ್ಲವನ್ನೂ ಮೆಷಿನ್ನಿಗೆ ತುಂಬಿ, ಬಿಸಿನೀರಿಗೆ ಇಟ್ಟು, ಕ್ರಿಕೆಟ್ ಆಡೋಕೆ ಹೋದ. ಅಪ್ಪನ ಪಂಚೆ, ಜುಬ್ಬ, ಬನಿಯನ್ನು ಎಲ್ಲ ಗುಲಾಬಿ.

ಅಪ್ಪ ಬಿಳಿ ಬಿಟ್ಟು ಬೇರೆ ಉಟ್ಟವರಲ್ಲ. ಮಗನಿಗೆ ಇವತ್ತು ಇದೆ ಅಂದುಕೊಂಡೆ. ಅವರು ಪಂಚೆ ಎತ್ತಿ ನೋಡಿ ಜೋರಾಗಿ ನಕ್ಕರು. "ಬಿಡೋ ಮರಿ, ಸನ್ಮಾನದ ಬಣ್ಣ ಅಲ್ವಾ ಇದು!"

ಮಗನೂ ನಕ್ಕ. ಅಮ್ಮ ನಗಲಿಲ್ಲ.

ನಾನು ಚಿಕ್ಕವಳಿದ್ದಾಗ ಅಮ್ಮ ಒಗೆಯೋ ಕಲ್ಲಿನ ಹತ್ತಿರ ಬಕೆಟ್ಟಿನಲ್ಲಿ ನೀಲಿ ಕಲಸುತ್ತಿದ್ದರು. ಅದು ಸರಿಯಾಗಿ ಕರಗದೆ ಪಂಚೆ ಮೇಲೆ ಒಂದೆರಡು ಕಡೆ ಮಚ್ಚೆ ಉಳಿಯಿತು ಅಂದರೆ ಮುಗಿಯಿತು. "ಏನಿದು, ಆಕಾಶ ಉಟ್ಕೊಂಡು ಸ್ಕೂಲಿಗೆ ಹೋಗ್ಲಾ?" ಅಮ್ಮ ಬಾಯಿ ಬಿಡದೆ ಪಂಚೆಯನ್ನ ಮತ್ತೆ ನೀರಿಗೆ ಹಾಕುತ್ತಿದ್ದರು. ನನ್ನಪ್ಪ ಒಳ್ಳೆಯವರೇ. ಆದರೆ ಈ ನಗು ಆಗ ಎಲ್ಲಿತ್ತು? ಸನ್ಮಾನದ ಬಣ್ಣವಂತೆ. ಪಾತ್ರೆ ತೊಳೆಯುವಾಗೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಬಟ್ಟೆಯ ವಿಷಯಕ್ಕೆ ಬರ್ತೀನಿ. ಹಿಂಗಾದಾಗ ಮೊದಲ ಕೆಲಸ, ಒಣಗಲು ಬಿಡಬಾರದು, ಇಸ್ತ್ರಿಯಂತೂ ಮುಟ್ಟಿಸಲೇಬಾರದು. ಬಿಸಿ ತಾಗಿದರೆ ಕಲೆ ಗಟ್ಟಿಯಾಗಿ ಕೂರುತ್ತೆ. ಬಣ್ಣ ಬಿಟ್ಟ ಬಟ್ಟೆಯನ್ನ ಬೇರೆ ಮಾಡಿ, ಉಳಿದದ್ದನ್ನ ತಣ್ಣೀರಲ್ಲಿ ಜಾಲಿಸಬೇಕು. ಪಕ್ಕದ ಮನೆಯವರು ಉಪ್ಪು, ವಿನೆಗರ್ ಅಂದರು. ಅಂಟಿದ ಬಣ್ಣಕ್ಕೆ ಅದರಿಂದ ಏನೂ ಆಗಲ್ಲ. ಇನ್ನೊಬ್ಬರು ಕ್ಲೋರಿನ್ ಬ್ಲೀಚ್ ಅಂದರು. ಬರೀ ಹತ್ತಿಗಾದರೆ ನಡೆಯುತ್ತೆ, ಆದರೆ ನೂಲು ಸವೆಯುತ್ತೆ, ರೇಷ್ಮೆ ಉಣ್ಣೆ ಹಾಳು. ಈ ಇಬ್ಬರ ಸಲಹೆಯನ್ನೂ ಒಂದೇ ಬಕೆಟ್ಟಿಗೆ ಹಾಕಿದರಂತೂ ವಿಷದ ಗಾಳಿಯೇ ಏಳುತ್ತೆ. ಕ್ಲೋರಿನ್ ಅದು.

ನಾನು ಹಾಕಿದ್ದು ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ. ನೀರಲ್ಲಿ ಕರಗಿದರೆ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತೆ, ಅದು ಬಣ್ಣವನ್ನ ಒಡೆಯುತ್ತೆ. ತಣ್ಣೀರಲ್ಲಿ ನಿಧಾನ, 40 ಡಿಗ್ರಿ ದಾಟಿದ ನೀರಲ್ಲಿ ಚುರುಕು. ರಾತ್ರಿಯಿಡೀ ನೆನೆಸಿಟ್ಟೆ. ಪಂಚೆ ಬನಿಯನ್ನು ಬೆಳ್ಳಗಾದವು. ಜುಬ್ಬದ ಕಾಲರಿನಲ್ಲಿ ಮಾತ್ರ ಚೂರು ಗುಲಾಬಿ ನಿಂತಿದೆ, ಇನ್ನೊಂದು ಸಲ ನೆನೆಸಬೇಕು.

ಹತ್ತಿಯ ನೂಲಿಗೆ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ನಮ್ಮ ರಾಜ್ಯ ಒಂದಾದ ವರ್ಷವೇ. ಅವನ್ನೂ ಹಾಕಿದ ಮೇಲೆ ಚೆನ್ನಾಗಿ ತೊಳೆದು ಹೆಚ್ಚಿನ ಬಣ್ಣ ತೆಗೆಯಬೇಕು. ಸನ್ಮಾನದ ಶಲ್ಯಕ್ಕೆ ಯಾರು ಅಷ್ಟು ನೀರು ಖರ್ಚು ಮಾಡ್ತಾರೆ?

ನವೆಂಬರ್ ತಿಂಗಳಿಡೀ ವೇದಿಕೆ ನೋಡಿ. ಸಾಲಾಗಿ ಬಿಳಿ ಪಂಚೆ, ಬಿಳಿ ಜುಬ್ಬ, ಗರಿಗರಿ ಖಾದಿ. ಶುಭ್ರ ವ್ಯಕ್ತಿತ್ವ ಅಂತ ನಿರೂಪಕರು ಹೊಗಳ್ತಾರೆ. ಆ ಶುಭ್ರ ಯಾರ ರಟ್ಟೆಯದ್ದು? ಮನೆ ಹೆಂಗಸರದ್ದು, ಇಲ್ಲಾ ಮಡಿವಾಳರದ್ದು. ಅಪ್ಪನಿಗೆ ಶಲ್ಯ ಹೊದಿಸುವಾಗ ಅಮ್ಮ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅಪ್ಪನ ಬಾಯಲ್ಲೂ.

ನಿನ್ನೆ ಊಟಕ್ಕೆ ಕೂತಾಗ ಅಪ್ಪ ಜುಬ್ಬದ ವಿಷಯ ತೆಗೆದರು. "ಆ ಕಾಲರ್‌ಗೆ ಸ್ವಲ್ಪ ನೀಲಿ ಹಾಕಿದ್ರೆ ಹೋಗಲ್ವಾ?"

ಅಮ್ಮ ಸಾರು ಬಡಿಸುತ್ತಿದ್ದರು. "ಬೇಡಪ್ಪ. ಜಾಸ್ತಿಯಾದ್ರೆ ಆಕಾಶ ಆಗ್ಬಿಡುತ್ತೆ."

ಅಪ್ಪನಿಗೆ ನೆನಪೇ ಇಲ್ಲ. "ಆಕಾಶನಾ?" ಅಂತ ನನ್ನ ಮುಖ ನೋಡಿದರು. ನಾನು ಹಪ್ಪಳ ಕೇಳಿದೆ.