ಸರಾಸರಿಯ ಪಕ್ಕದಲ್ಲಿ ಎಣಿಕೆಯೂ ಇರಲಿ

ಸೆನ್ಸರ್ ಜಾಲದ ಮಿಡಲ್‌ವೇರ್, ಅಂದರೆ ಸೆನ್ಸರ್‌ಗಳಿಗೂ ಅವುಗಳ ಮಾಹಿತಿ ಬಳಸುವವರಿಗೂ ನಡುವಿನ ತಂತ್ರಾಂಶ, ಬರೆಯುವವರಲ್ಲಿ ನನ್ನದೊಂದು ಒತ್ತಾಯವಿದೆ. ಎಲ್ಲ ಅಳತೆಗಳು ಬಂದು ಸೇರುವ ಗೇಟ್‌ವೇ ಸರಾಸರಿ ತೋರಿಸುವುದಾದರೆ, ಅದು ಎಷ್ಟು ನೋಡ್‌ಗಳ (ಬ್ಯಾಟರಿಯಲ್ಲಿ ನಡೆಯುವ ಸೆನ್ಸರ್ ಸಾಧನಗಳ) ಸರಾಸರಿ ಎಂಬುದನ್ನೂ ಅದೇ ಸಾಲಿನಲ್ಲಿ ತೋರಿಸಲಿ. ಕಳೆದ ಬೇಸಿಗೆಯಲ್ಲಿ ಬದಿಯಡ್ಕದ ಹತ್ತಿರದ ಅಡಿಕೆ ತೋಟವೊಂದರಲ್ಲಿ ಆದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾಸರಗೋಡಿನ ಕಡೆಯ ತೋಟಗಳು ಸಮತಟ್ಟಲ್ಲ. ಕೆಳಗೆ ತೋಡು, ಮೇಲೆ ಗುಡ್ಡೆ, ನಡುವೆ ತಟ್ಟು ತಟ್ಟಾಗಿ ಅಡಿಕೆ. ತೋಡಿನ ಬದಿ ಮಾರ್ಚ್‌ನಲ್ಲೂ ತಂಪಾಗಿರುತ್ತದೆ. ಗುಡ್ಡೆಯ ಬದಿಯ ಮುರಕಲ್ಲಿನ ಮಣ್ಣು ನೀರು ಬಿಟ್ಟ ಬೆನ್ನಿಗೇ ಒಣಗುತ್ತದೆ. ಪ್ರತಿ ತಟ್ಟಿಗೂ ತೇವಾಂಶದ ನೋಡ್‌ಗಳು, ಪಂಪ್‌ಶೆಡ್‌ನಲ್ಲಿ ಗೇಟ್‌ವೇ. ನಮ್ಮ ಮಿಡಲ್‌ವೇರ್, ಸೆನ್ಸರ್ ಜಾಲವನ್ನು ಡೇಟಾಬೇಸ್‌ನಂತೆ ಕಾಣುವ ಟೈನಿಡಿಬಿಯ ದಾರಿಯದು: ಇಡೀ ಜಾಲವೇ ಒಂದು ಟೇಬಲ್, ಡೇಟಾಬೇಸ್‌ಗಳ ಭಾಷೆ ಎಸ್‌ಕ್ಯೂಎಲ್‌ನಂಥ ಒಂದು ಸಾಲಿನ ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ. ನೋಡ್‌ಗಳ ಪ್ರೋಗ್ರಾಮಿಂಗ್ ಭಾಷೆಯಾದ ನೆಸ್‌ಸಿಯಲ್ಲಿ ಪ್ರತಿ ಘಟನೆಗೂ ಬೇರೆ ಬೇರೆ ಇವೆಂಟ್ ಹ್ಯಾಂಡ್ಲರ್‌ಗಳನ್ನು ಬರೆದು ಬೇಸತ್ತ ನನಗೆ ಅದು ದೊಡ್ಡ ಬಿಡುಗಡೆಯೇ ಆಗಿತ್ತು. ರೇಡಿಯೋದಲ್ಲಿ ಒಂದು ಬಿಟ್ ಕಳಿಸುವ ಖರ್ಚಿನಲ್ಲಿ ಪ್ರೊಸೆಸರ್ ನೂರಾರು ಸೂಚನೆಗಳನ್ನು ಮುಗಿಸಬಲ್ಲದು. ಆದ್ದರಿಂದ ಪ್ರತಿ ನೋಡ್ ತನ್ನ ಮೂಲಕ ಕಳಿಸುವ ನೋಡ್‌ಗಳ ಮೊತ್ತಕ್ಕೂ ಎಣಿಕೆಗೂ ತನ್ನದನ್ನು ಕೂಡಿಸಿ ಪೇರೆಂಟ್‌ಗೆ, ಅಂದರೆ ಗೇಟ್‌ವೇಯ ದಾರಿಯಲ್ಲಿ ಮುಂದಿರುವ ನೋಡ್‌ಗೆ, ದಾಟಿಸುತ್ತದೆ. ಭಾಗಾಕಾರ ಗೇಟ್‌ವೇಯಲ್ಲಿ. ನಮ್ಮ ಡ್ಯಾಶ್‌ಬೋರ್ಡ್ ಭಾಗಲಬ್ಧವನ್ನು ಉಳಿಸಿಕೊಂಡು ಎಣಿಕೆಯನ್ನು ಬಿಸಾಡುತ್ತಿತ್ತು.

ಗ್ರಾಹಕರಿಗೆ ಡೆಮೊ ತೋರಿಸಲೆಂದು ಮುಖ್ಯ ಕಚೇರಿಯವರು ಸ್ಯಾಂಪಲ್ ಅವಧಿಯನ್ನು, ಅಂದರೆ ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು ಎಂಬುದನ್ನು, 15 ನಿಮಿಷದಿಂದ 30 ಸೆಕೆಂಡಿಗೆ ಇಳಿಸಿದರು. ಡೆಮೊ ಮುಗಿದ ಮೇಲೆ ಮೊದಲಿನಂತೆ ಮಾಡಲಿಲ್ಲ. ಮೇಲಿನ ತಟ್ಟುಗಳ ಭಾರವನ್ನೆಲ್ಲ ಹೊರುತ್ತಿದ್ದ ನಡುವಿನ ನೋಡ್‌ನ ಬ್ಯಾಟರಿ ಎಲ್ಲಕ್ಕಿಂತ ಮೊದಲು ಸತ್ತಿತು. ಮೇಲಿನ ನೋಡ್‌ಗಳಿಗೆ ಬೇರೆ ಪೇರೆಂಟ್ ಸಿಗಲಿಲ್ಲ. ಒಣಗಿದ ತಟ್ಟುಗಳು ಲೆಕ್ಕದಿಂದಲೇ ಹೊರಬಿದ್ದವು, ತೋಡಿನ ಬದಿಯವು ಮಾತ್ರ ಉಳಿದವು, ಸರಾಸರಿ ಏರಿತು. ಆ ಸರಾಸರಿಯನ್ನೇ ನೋಡಿ ಓಡುವ ಪಂಪ್ ಸುಮ್ಮನಾಯಿತು.

ತೋಟದ ಯಜಮಾನರು ಫೋನ್ ಮಾಡಿ, "ಮೇಲೆ ನೀರಿನ ಜೆಟ್ ತಿರುಗುತ್ತಲೇ ಇಲ್ಲವಲ್ಲ?" ಎಂದರು. "ತೇವ ಸಾಕಷ್ಟಿದೆ ಅಣ್ಣ, ಆದ್ದರಿಂದ ಪಂಪ್ ನಿಂತಿದೆ" ಎಂದೆ. ಪರದೆಯ ಅಂಕಿಯನ್ನು ನಾನು ಪೂರ್ತಿ ನಂಬಿದ್ದೆ. ಅವರು ವಾದಿಸಲಿಲ್ಲ, ಫೋನ್ ಹಿಡಿದುಕೊಂಡೇ ಮೇಲೆ ಹತ್ತಿದರು. ಕಾಲಡಿಯಲ್ಲಿ ಒಣಗಿದ ಅಡಿಕೆ ಹಾಳೆ ಮುರಿಯುವ ಸದ್ದು, ಏದುಸಿರು. ಆಮೇಲೆ, "ಬುಡದಲ್ಲೆಲ್ಲ ನಳ್ಳಿ ಉದುರಿದೆ." ನಳ್ಳಿಯೆಂದರೆ ಎಳೆ ಅಡಿಕೆ. ಕಚ್ಚಾ ಲಾಗ್ ತೆರೆಯುವಾಗ ನನ್ನ ಕೈ ನಡುಗುತ್ತಿತ್ತು. ಎಣಿಕೆ 24 ಇರಬೇಕಾದಲ್ಲಿ 9 ಇತ್ತು. ಪ್ರತಿ ಪ್ಯಾಕೆಟ್‌ನಲ್ಲೂ ಇತ್ತು. ಕೇಳುವವರು ಇರಲಿಲ್ಲ. "ಅಣ್ಣ, ಈಗಲೇ ಕೈಯಿಂದ ಪಂಪ್ ಹಾಕಿ" ಎಂದಷ್ಟೇ ಹೇಳಲು ಸಾಧ್ಯವಾಯಿತು. ಉದುರಿದ ನಳ್ಳಿ ಮರಕ್ಕೆ ಮರಳುವುದಿಲ್ಲ. ಆ ವರ್ಷದ ಫಸಲಿನ ಒಂದು ಪಾಲು ಅಲ್ಲಿಗೇ ಹೋಯಿತು.

ಈಗ ಎಣಿಕೆ ಮುಕ್ಕಾಲಿಗಿಂತ ಕೆಳಗಿಳಿದರೆ ಪಂಪ್ ಟೈಮರ್‌ಗೆ ಮರಳುತ್ತದೆ. ಪರದೆಯಲ್ಲಿ ಇನ್ನೊಂದು ಅಂಕಿ ಹಾಕಿದರೆ ರೈತರಿಗೆ ಗೊಂದಲವಾಗುತ್ತದೆ ಎಂದು ಕಚೇರಿಯಲ್ಲಿ ತಕರಾರು ಎದ್ದಿತ್ತು. ಗೊನೆ ನೋಡಿ ಫಸಲು ಅಂದಾಜು ಮಾಡುವವರಿಗೆ 24ರಲ್ಲಿ 9 ಎಂದರೆ ಅರ್ಥವಾಗದೆ? ಹಟ ಹಿಡಿದು ಹಾಕಿಸಿದೆ.

ಅವಧಿಯ ವಿಷಯ ಇನ್ನೂ ಬಾಕಿಯಿದೆ. ಇಷ್ಟು ಸೆಕೆಂಡಿಗೊಮ್ಮೆ ಎನ್ನುವ ಬದಲು ಇಷ್ಟು ದಿನ ಬಾಳಬೇಕು ಎಂದು ಕೇಳುವ ಲೈಫ್‌ಟೈಮ್ ಸೌಲಭ್ಯ ಟೈನಿಡಿಬಿಯಲ್ಲಿತ್ತು. ಅದರ 2005ರ ಪ್ರಬಂಧದಲ್ಲೇ ವಿವರವಿದೆ. ಬ್ಯಾಟರಿ ನೋಡಿಕೊಂಡು ಅವಧಿಯನ್ನು ವ್ಯವಸ್ಥೆಯೇ ಗೊತ್ತುಮಾಡುತ್ತಿತ್ತು. ನಮ್ಮ ಮಿಡಲ್‌ವೇರ್‌ನಲ್ಲಿ ಅದಿಲ್ಲ. ಮುಂದಿನ ಬೇಸಿಗೆಗೆ ಮೊದಲು ಸೇರಿಸಲೇಬೇಕೆಂದು ಈ ಮಳೆಗಾಲದಲ್ಲಿ ಅದನ್ನೇ ಬರೆಯುತ್ತಿದ್ದೇನೆ.